ಎಳ್ಳಮಾವಾಸ್ಯೆಗೆ ಹಾಕಿದ ರಜೆ

ಮಹಾರಾಷ್ಟ್ರದ ನಿಲಂಗಾಕ್ಕೆ ವರ್ಗವಾಗಿ ಬಂದ ಮೊದಲ ಡಿಸೆಂಬರಿನಲ್ಲಿ, ಒಂದು ಬೆಳಿಗ್ಗೆ ಬ್ಯಾಂಕಿಗೆ ಹೊರಟವಳು ಬಜಾರಿನ ನಡುವೆ ನಿಂತುಬಿಟ್ಟೆ. ಒಂದು ಅಂಗಡಿಯೂ ತೆರೆದಿಲ್ಲ. ಚಹಾದವನಿಲ್ಲ, ಆಟೋ ಇಲ್ಲ, ಮನೆಮನೆಗೂ ಬೀಗ. ಗಲಾಟೆಯಾಗಿ ಕರ್ಫ್ಯೂ ಹಾಕಿದ್ದಾರೆಂದೇ ತಿಳಿದು ಓಡೋಡಿ ಶಾಖೆಗೆ ಬಂದರೆ ಕಾವಲಿನ ಮುದುಕ ನಕ್ಕ. ಎಳ್ಳಮಾವಾಸ್ಯೆಯಂತೆ, ಊರಿಗೆ ಊರೇ ಹೊಲಕ್ಕೆ ಹೋಗಿದೆಯಂತೆ.

ಮದ್ದೂರಿನ ಕಡೆಯವಳಾದ ನನಗೆ ಇದು ಹೊಸದು. ನಮ್ಮಲ್ಲಿ ವರ್ಷದ ಕೊನೆಯ ರಜೆ ಬಂತೆಂದರೆ ಜನ ಊರು ಬಿಡುತ್ತಾರೆ. ಕಾಲೇಜು ಹುಡುಗರಿಗೆ ಊಟಿ, ನೌಕರಿಯವರಿಗೆ ಗೋವಾ. ಇಲ್ಲಿ ಎಲ್ಲ ತಿರುಗುಮುರುಗು. ಪುಣೆಯ ಹಾಸ್ಟೆಲಿನವರು, ಹೈದರಾಬಾದಿನ ನೌಕರಿಯವರು ಉಳಿಸಿಟ್ಟ ರಜೆ ಹಾಕಿ ಊರಿಗೆ ಬರುತ್ತಾರೆ. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಬೆಳೆಯ ನಡುವೆ ಎಡೆ ಚೆಲ್ಲಿ, ಭಜ್ಜಿ ಉಣ್ಣುತ್ತಾರೆ. ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿಕಾಳು, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಪಲ್ಯ. ಇದನ್ನೆಲ್ಲ ನಾನು ಕಂಡದ್ದು ಅವರ ಮೊಬೈಲಿನಲ್ಲಿ ಮಾತ್ರ. ಬ್ಯಾಂಕಿಗೆ ಅಂದು ರಜೆಯಿಲ್ಲ. ಹೊಲವಿದ್ದವರೆಲ್ಲ ರಜೆ ಹಾಕುತ್ತಾರೆ, ಕೌಂಟರಿಗೆ ನಾನು. "ನಿಮಗ ಹೊಲ ಇಲ್ಲಲ್ರೀ ಮ್ಯಾಡಂ, ನೀವೆಲ್ಲಿ ಹೋಗೋರದೀರಿ?" ಅನ್ನುವರು. ಆ ಮಾತಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಉಳಿದಂತೆ ಬದುಕು ಹೇಗೋ ಕುದುರಿತು. ಮದುವೆಯಾಗದ ನಲವತ್ತರ ಹೆಂಗಸಿಗೆ ಮನೆ ಕೊಡಲು ಮೂವರು ಮೂಗು ಮುರಿದರು, ನಾಲ್ಕನೆಯವರು ಕೊಟ್ಟರು. ಮುದ್ದೆಯ ನಾಲಿಗೆ ಜೋಳದ ರೊಟ್ಟಿಗೆ ಹೊಂದಿಕೊಂಡಿತು. ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿ ಗೆದ್ದ ದಿನ ಮನೆಗೆ ಬಂದು ಒಬ್ಬಳೇ ನಕ್ಕೆ. ಹೇಳಿಕೊಳ್ಳಲು ಯಾರಿದ್ದರು?

ಹೀಗೆ ನಾಲ್ಕು ವರ್ಷ ಕಳೆಯಿತು. ಈ ಸಲ ಮೈಸೂರಿನಿಂದ ತಮ್ಮ ಫೋನು ಮಾಡಿದ. ಮಂಡಿಯ ಆಪರೇಷನ್ ಆದ ಅವ್ವ ಅವನ ಮನೆಯಲ್ಲೇ ಇದ್ದಾರೆ. ವರ್ಷದ ಕೊನೆಗೆ ಬಂದುಬಿಡಕ್ಕ, ನೀನು ಬಂದು ಎಷ್ಟು ದಿನವಾಯಿತು ಎಂದ. ಕಣ್ಣು ತುಂಬಿತು. ಅಂದೇ ರಜೆ ಬರೆದುಕೊಟ್ಟೆ. ಊರಿಗೆ ಹೋಗುತ್ತಿದ್ದೇನೆಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ಪಕ್ಕದ ಕೌಂಟರಿನ ಮಹಾನಂದಾಗೆ ದಾಳಿಂಬ ಎಂಬ ಹಳ್ಳಿಯಲ್ಲಿ ತಲೆತಲಾಂತರದ ಹೊಲ. ಶಾಖೆಯಲ್ಲಿ ನನ್ನೊಡನೆ ಹೆಚ್ಚಾಗಿ ಕನ್ನಡ ಆಡುವವಳು ಅವಳೇ. ಅವಳು ಆ ವಾರವೇ ಬಂದು, "ರಜಾ ಹ್ಯಾಂಗೂ ಹಾಕೀರಿ, ಈ ಸಲ ಅಮಾಸಿಗಿ ನಮ್ಮ ಹೊಲಕ್ಕ ಬರ್ರಿ. ನಮ್ಮತ್ತಿ ನಿಮ್ಮನ್ನ ಕರಕೊಂಡೇ ಬಾ ಅಂದಾರ" ಎಂದಳು. ನಾಲ್ಕು ವರ್ಷ ಕಾದ ಮಾತು. ನಾನೇನು ಮಾಡಿದೆ? ಗತ್ತಿನಿಂದ, "ನನಗೂ ಮನೆ ಅಂತ ಒಂದಿದೆಯಲ್ರೀ" ಎಂದೆ. ಅವಳ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮೈಸೂರು ತಲುಪಿದರೆ ಹಜಾರದಲ್ಲಿ ಸೂಟ್‌ಕೇಸುಗಳು. ನನ್ನ ಚೀಲ ಕೆಳಗಿಡುವ ಮೊದಲೇ ತಮ್ಮನ ಹೆಂಡತಿ ಅವ್ವನ ಮಾತ್ರೆಗಳ ಡಬ್ಬಿ ತೋರಿಸಿದಳು. ಮಕ್ಕಳ ಸಮೇತ ಅವರು ಗೋವಾಕ್ಕೆ ಹೊರಟಿದ್ದರು. ಟಿಕೆಟ್ ತೆಗೆಸಿ ಎರಡು ತಿಂಗಳಾಯಿತಂತೆ. ನನಗೆ ಫೋನು ಬಂದದ್ದೂ ಆಗಲೇ. ತಮ್ಮ ನನ್ನ ಮೂಗಿಗೆ ತುಪ್ಪ ಸವರಿದ್ದ, ಬೆಪ್ಪುತಕ್ಕಡಿಯಂತೆ ನಾನು ಬಂದಿದ್ದೆ. "ನಿಂಗೇನು ಗಂಡನಾ ಮಕ್ಕಳಾ ಅಕ್ಕ, ಅವ್ವನ ಜೊತೆ ಆರಾಮಾಗಿರು" ಎಂದು ಕಾರು ಹತ್ತಿದ. ಅವ್ವನ ಸೇವೆ ನನಗೆ ಭಾರವಲ್ಲ. ಇದಕ್ಕೇ ಬಾ ಎಂದಿದ್ದರೂ ಬರುತ್ತಿದ್ದೆ. ಹಾಗೆನ್ನಲಿಲ್ಲವಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಅವ್ವನಿಗೆ ಅನ್ನ ಕಲಸುತ್ತಿದ್ದಾಗ ಮಹಾನಂದಾ ಹೊಲದಿಂದ ಫೋನು ಮಾಡಿದಳು. ಹಿಂದೆ ಜನರ ಗದ್ದಲ, ಯಾರೋ ಇನ್ನೊಂದಿಷ್ಟು ಅಂಬಲಿ ಹಾಕಿರೆಂದು ಕೂಗುತ್ತಿದ್ದರು.

"ಮನ್ಯಾಗ ಎಲ್ಲಾರೂ ಕೂಡೀರೇನ್ರೀ ಮ್ಯಾಡಂ?"

"ಹೂನ್ರೀ, ಎಲ್ಲಾರೂ ಅದೀವಿ" ಎಂದೆ. ನನಗೇ ತಿಳಿಯದಂತೆ ಅವರ ಮಾತೇ ಬಾಯಿಗೆ ಬಂದಿತ್ತು.

ಫೋನಿಟ್ಟ ಮೇಲೆ ಅವ್ವ ನನ್ನ ಕಡೆ ತಿರುಗಿದರು.

"ಎಲ್ರೂ ಇದ್ದೀವಿ ಅಂದ್ಯಲ್ಲ, ಯಾರವ್ರೆ ಮಗಾ ಇಲ್ಲಿ?"

ನೀನಿದ್ದೀಯಲ್ಲವ್ವ ಎನ್ನಬೇಕಿತ್ತು. ಕಲಸಿದ ಅನ್ನದ ತಟ್ಟೆಯನ್ನು ಅವ್ವನ ಮುಂದಿಟ್ಟೆ.