ಕಾಲುಚೀಲದೊಳಗಿನ ಸೆಮಿಯಾನ್

ಸಿಡ್ನಿಯಾಚೆ ಹಂಟರ್ ಕಣಿವೆಯ ಪೊಕೊಲ್ಬಿನ್‌ನಲ್ಲಿ ಟೋಬಿ ಪ್ಲಂಕೆಟ್ ಯಾರು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. 'ಮೋಡದ ಟೋಬಿ' ಎಂದರೆ ಮಾತ್ರ ಪಬ್ಬಿನ ಬಾಗಿಲಲ್ಲಿ ಮಲಗಿರುವ ನಾಯಿಯೂ ಬಾಲ ಅಲ್ಲಾಡಿಸಿ ದಾರಿ ತೋರಿಸುತ್ತದೆ. ಟೋಬಿಗೆ ಇದರ ಬಗ್ಗೆ ಬೇಸರವಿರಲಿಲ್ಲ. ಮೂವತ್ತು ವರ್ಷದ ಬಾಳಿನಲ್ಲಿ ತಾನು ಸಂಪಾದಿಸಿದ ಬಿರುದು ಅದೊಂದೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಅಪ್ಪ, ತಾತ ಇಬ್ಬರೂ ಸೆಸ್ನಾಕ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಟೋಬಿಗೆ ನೆಲದೊಳಗೆ ಇಳಿಯಲು ಭಯ. ಹಾಗಾಗಿ ನೆಲದ ಮೇಲೆಯೇ ಏನಾದರೂ ಸಿಗಬಹುದೆಂದು ಥೆಲ್ಮಾ ಹನ್ರಹನ್ ಎಂಬ ಮುದುಕಿಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಸೇರಿದ. ಚಳಿಗಾಲವಿಡೀ ಬಳ್ಳಿ ಸವರುವುದು, ಬೇಸಿಗೆಯಲ್ಲಿ ಕೊಯ್ಲು, ಶನಿವಾರ ಭಾನುವಾರ ಗಲ್ಲೆಯ ಹಿಂದೆ ನಿಂತು ಸಿಡ್ನಿಯಿಂದ ರುಚಿ ನೋಡಲು ಬಂದವರಿಗೆ ವೈನು ಸುರಿಯುವುದು. ಮದುವೆಗೆ ಮುಂಚೆ ಗೆಳತಿಯರ ಗುಂಪು ಕಟ್ಟಿಕೊಂಡು, ತಲೆಗೆ ಪ್ಲಾಸ್ಟಿಕ್ ಕಿರೀಟ ಸಿಕ್ಕಿಸಿಕೊಂಡು ಬರುವ ಹುಡುಗಿಯರಿಗೆ ಅವನು ಗಂಭೀರವಾಗಿ, "ಇದ್ರಲ್ಲಿ ನಿಂಬೆ ಹೂವಿನ ವಾಸನೆ ಇದೆ, ನೋಡಿ" ಎನ್ನುತ್ತಿದ್ದ. ನಿಂಬೆ ಹೂವನ್ನು ತಾನು ಯಾವತ್ತೂ ಮೂಸಿರಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ.

ಬಿರುದು ಬಂದದ್ದು ಹತ್ತು ವರ್ಷದ ಹಿಂದಿನ ಜನವರಿಯಲ್ಲಿ, ಆ ಕಡೆಯ ನಡುಬೇಸಿಗೆಯಲ್ಲಿ. ಥೆಲ್ಮಾ ಸೊಂಟದ ಆಪರೇಷನ್‌ಗೆ ನ್ಯೂಕ್ಯಾಸಲ್‌ಗೆ ಹೋಗಿದ್ದಳು. ಹೊರಡುವಾಗ, "ಹಳೇ ತೋಟದ ಸೆಮಿಯಾನ್ ದ್ರಾಕ್ಷಿ ಇನ್ನೂ ಮಾಗಿಲ್ಲ. ನಾನು ಹೇಳೋವರೆಗೂ ಕತ್ತರಿ ಮುಟ್ಬೇಡ" ಎಂದಿದ್ದಳು. ಹಂಟರ್ ಕಣಿವೆಯ ಜನಕ್ಕೆ ಜನವರಿಯ ಮೋಡ ಕಂಡರೆ ಬುದ್ಧಿ ನೆಟ್ಟಗಿರುವುದಿಲ್ಲ. ಸರಿಯಾಗಿ ಕೊಯ್ಲಿನ ಹೊತ್ತಿಗೇ ಮಳೆ ಸುರಿದು, ವರ್ಷದ ಬೆಳೆ ಗೊಂಚಲಲ್ಲೇ ಕೊಳೆತದ್ದನ್ನು ಕಾಣದ ಮನೆ ಅಲ್ಲಿಲ್ಲ. ಹೀಗಾಗಿ ಒಂದು ಸಂಜೆ ಬ್ರೋಕನ್‌ಬ್ಯಾಕ್ ಬೆಟ್ಟದ ತಲೆಯ ಮೇಲೆ ಎಮ್ಮೆಯಂಥ ಕರಿಮೋಡ ಕೂತಾಗ ಟೋಬಿ ಹೆದರಿಬಿಟ್ಟ. ಸಿಕ್ಕಸಿಕ್ಕವರಿಗೆ ಫೋನು ಹಚ್ಚಿ, ಬೆಳಕು ಹರಿಯುವ ಮುಂಚೆ ಆಳುಗಳನ್ನು ಕೂಡಿಸಿ, ಹಸುರು ಹಸುರಾಗಿದ್ದ ಹಣ್ಣನ್ನೆಲ್ಲ ಕೊಯ್ಯಿಸಿಬಿಟ್ಟ.

ಮೋಡ ಪೊಕೊಲ್ಬಿನ್ ಮೇಲೆ ಒಂದು ಹನಿಯನ್ನೂ ಉದುರಿಸಲಿಲ್ಲ. ಸೀದಾ ನ್ಯೂಕ್ಯಾಸಲ್‌ಗೆ ಹೋಗಿ, ಥೆಲ್ಮಾ ಮಲಗಿದ್ದ ಆಸ್ಪತ್ರೆಯ ಕಿಟಕಿಗೆ ಧೋ ಎಂದು ಹೊಡೆಯಿತು.

ಆಮೇಲೆ ವಾರಗಟ್ಟಲೆ ಬಿಸಿಲು. ಊರಿನವರೆಲ್ಲ ಸಕ್ಕರೆಯಂಥ ಹಣ್ಣು ಕೊಯ್ದರು. ಟೋಬಿಯ ವೈನು ಮಾತ್ರ ನೀರಿನ ಬಣ್ಣ, ನಿಂಬೆಯ ಹುಳಿ. ಬೇಲಿಯಾಚೆಯ ತೋಟದ ಕ್ಲೈವ್ ರೊಸಿಟರ್ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಕೆನ್ನೆ ಹಿಡಿದುಕೊಂಡು ಹೇಳಿದ: "ಚೆನ್ನಾಗಿದೆ ಮಾರಾಯ. ನನ್ನ ಟ್ರ್ಯಾಕ್ಟರ್ ಬ್ಯಾಟರಿಗೆ ಎರಡು ಲೀಟರ್ ಕೊಡು."

ಥೆಲ್ಮಾ ಬೈಯಲಿಲ್ಲ. ಟೋಬಿಗೆ ಅದೇ ಹೆಚ್ಚು ಉರಿಯಿತು. ಆ ವೈನನ್ನು ಬಾಟಲಿಗೆ ತುಂಬಿಸಿ, ಚೀಟಿಯನ್ನೂ ಅಂಟಿಸದೆ, ಶೆಡ್ಡಿನ ಕತ್ತಲ ಮೂಲೆಯಲ್ಲಿ ಪೇರಿಸಿಟ್ಟಳು. ಟೋಬಿ ಆ ಮೂಲೆಯ ಕಡೆಗೆ ಮುಖ ಹಾಕುವುದನ್ನೇ ಬಿಟ್ಟ.

ಈ ವರ್ಷ ಥೆಲ್ಮಾಗೆ ಎಂಬತ್ತು ತುಂಬಿತು. ಅವಳ ತಾತ ನೆಟ್ಟ ಹಳೇ ತೋಟವನ್ನು ಬೇರೆಯವರ ಕೈಗೆ ಕೊಡುತ್ತಾಳೆಂಬ ಸುದ್ದಿ ಹಬ್ಬಿತು. ಕ್ಲೈವ್ ಆಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದ. ಟೋಬಿಗೆ ನಿದ್ದೆ ಹಾರಿತು. ಆ ಮೊಂಡು ಬಳ್ಳಿಗಳ ಒಂದೊಂದು ಗಂಟೂ ಅವನಿಗೆ ಗೊತ್ತು, ಅವುಗಳ ಮುಂದೆ ಮಂಡಿಯೂರಿ ಇಷ್ಟು ಚಳಿಗಾಲ ಕಳೆದಿದ್ದ. ಕೊನೆಗೊಂದು ದಿನ ಧೈರ್ಯ ಮಾಡಿದ.

"ಥೆಲ್ಮಾ, ಹಳೇ ತೋಟ ನನಗೆ ಕೊಡಿ. ನಾನು ನೋಡ್ಕೋತೀನಿ."

"ಮೋಡ ಬಂದ್ರೆ?"

ಟೋಬಿ ಕತ್ತರಿಯನ್ನು ಕೈಗೆತ್ತಿಕೊಂಡ. ಮತ್ತೆ ಕೆಳಗಿಟ್ಟ.

"ಕೊಯ್ಲಿನೂಟ ಮುಗೀಲಿ ಮರಿ, ಆಮೇಲೆ ಹೇಳ್ತೀನಿ" ಎಂದಳು ಮುದುಕಿ.

ಕೊಯ್ಲು ಶುರುವಾಗುವ ಮುಂಚೆ ಊರಿನ ಬೆಳೆಗಾರರೆಲ್ಲ ಸೇರಿ ಹಾಲ್‌ನಲ್ಲಿ ಊಟ ಮಾಡುವುದು ವಾಡಿಕೆ. ಒಬ್ಬೊಬ್ಬರೂ ಒಂದು ಬಾಟಲಿಗೆ ಕಾಲುಚೀಲ ತೊಡಿಸಿ, ಗುರುತು ಸಿಗದಂತೆ ಮಾಡಿ ತರಬೇಕು. ಎಲ್ಲರೂ ಲೋಟ ಹಿಡಿದು ನಿಲ್ಲುತ್ತಾರೆ. ತಂದವರು ಪ್ರಶ್ನೆ ಕೇಳುತ್ತಾರೆ, ತಪ್ಪು ಹೇಳಿದವರು ಕೂರುತ್ತಾರೆ. ಕೊನೆಗೆ ನಿಂತವನೇ ಗಂಡು. ಬಹಳ ವರ್ಷದಿಂದ ಕೊನೆಗೆ ನಿಲ್ಲುತ್ತಿದ್ದವನು ಕ್ಲೈವ್.

ಥೆಲ್ಮಾಳ ಸರದಿ ಬಂತು. ತೀರಿಕೊಂಡ ಗಂಡನ ಫುಟ್‌ಬಾಲ್ ಕಾಲುಚೀಲದಿಂದ ಅವಳು ಸುರಿದದ್ದು ಹೊಂಬಣ್ಣದ ವೈನು. ಟೋಬಿ ಮೂಸಿದ. ಆಗಷ್ಟೇ ಸುಟ್ಟ ಬ್ರೆಡ್ಡಿಗೆ ಬೆಣ್ಣೆ, ಅದರ ಮೇಲೆ ಜೇನು. ನಾಲಿಗೆಯ ಮೇಲಿಟ್ಟರೆ ಬಹಳ ಹೊತ್ತು ಹೋಗಲೊಲ್ಲದು. ಅವನ ಕಣ್ಣು ತಾನಾಗಿ ಮುಚ್ಚಿತು.

"ನಮ್ಮ ಕಣಿವೇದಾ, ಪರದೇಶದ್ದಾ?" ಎಂದಳು ಥೆಲ್ಮಾ.

"ಪರದೇಶ!" ಎಂದು ಕೂಗಿದ ಟೋಬಿ. "ನಮ್ಮೂರಲ್ಲಿ ಇಂಥದ್ದು ಮಾಡೋಷ್ಟು ಯೋಗ್ಯತೆ ಯಾರಿಗಿದೆ?"

"ಕೂತ್ಕೋ."

ಹಾಲ್ ನಕ್ಕಿತು. ಮೊದಲ ಪ್ರಶ್ನೆಗೇ ಕೂತವನು ಅವನೊಬ್ಬನೇ. ತೋಟದ ಆಸೆಯೂ ಅವನ ಜೊತೆ ಕುರ್ಚಿಗೆ ಕುಸಿಯಿತು.

"ಹತ್ತು ವರ್ಷದ್ದಾ, ಇಪ್ಪತ್ತಾ?"

"ಹತ್ತು" ಎಂದ ಕ್ಲೈವ್. ಇಪ್ಪತ್ತೆಂದವರು ಗೊಣಗುತ್ತ ಕೂತರು. ಈಗ ನಿಂತವರು ನಾಲ್ಕೇ ಜನ.

"ಮಾಗಿದ ಮೇಲೆ ಕೊಯ್ದದ್ದಾ, ಮುಂಚೇನೇ ಕೊಯ್ದದ್ದಾ?"

ಉಳಿದ ಮೂವರು "ಮಾಗಿದ್ದು" ಎಂದರು. ಕ್ಲೈವ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ, ಬಾಯಿ ತುಂಬ ಹಾಕಿಕೊಂಡು ಅತ್ತಿತ್ತ ಹೊರಳಿಸಿದ.

"ಮುಂಚೆ. ತುಂಬಾ ಮುಂಚೆ. ಆ ಹುಳಿ ಇದ್ದದ್ದಕ್ಕೇ ಇದು ಇವತ್ತಿಗೂ ಜೀವ ಹಿಡ್ಕೊಂಡಿದೆ. ಆ ವರ್ಷ ನಾನು ಬಿಸಿಲಲ್ಲಿ ಮಾಗಿಸಿ ಮಾಡಿದ್ದೆಲ್ಲ ಸತ್ತು ವಿನೆಗರ್ ಆಗೋಯ್ತು. ಥೆಲ್ಮಾ, ಇದನ್ನ ಕೊಯ್ದೋನು ಯಾರೋ ಎದೆಗಾರ. ಅವನ ಕೈ ಕುಲುಕ್ಬೇಕು ನಾನು."

ಥೆಲ್ಮಾ ಕಾಲುಚೀಲ ಎಳೆದಳು. ಬಾಟಲಿಯ ಮೇಲೆ ಚೀಟಿ ಇರಲಿಲ್ಲ. ಸೀಮೆಸುಣ್ಣದಲ್ಲಿ ಬಿಡಿಸಿದ ಒಂದು ಮೋಡ ಇತ್ತು.

"ಕುಲುಕು. ಅಗೋ, ಮೊದ್ಲು ಕೂತೋನು."

ತಗಡಿನ ಮಾಡು ಹಾರಿಹೋಗುವಂತೆ ಜನ ಕೂಗಿದರು, ಮೇಜು ಕುಟ್ಟಿದರು. ಕ್ಲೈವ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

"ಇದು... ಆ ಬ್ಯಾಟರಿ ನೀರಾ?"

"ಅದೇ. ನಿನ್ನ ಟ್ರ್ಯಾಕ್ಟರಿಗೆ ಎರಡು ಲೀಟರ್ ಬೇಕಿತ್ತಲ್ಲ?" ಎಂದಳು ಥೆಲ್ಮಾ.

ಕ್ಲೈವ್ ಖಾಲಿ ಲೋಟವನ್ನು ಮುಂದೆ ಚಾಚಿದ. "ಟ್ರ್ಯಾಕ್ಟರ್ ಹಾಳಾಗಿ ಹೋಗ್ಲಿ. ನನಗೆ ಹಾಕು." ಆಮೇಲೆ ಟೋಬಿಯ ಬಳಿ ಹೋಗಿ, ತೋಳು ಕಳಚುವಂತೆ ಕೈ ಕುಲುಕಿದ.

"ಎದೆಗಾರಿಕೆ ಏನೂ ಇಲ್ಲ ಕ್ಲೈವ್" ಎಂದ ಟೋಬಿ. "ನಾನು ಹೆದರಿ ಕೊಯ್ದೆ. ಈಗ ನನ್ನ ವೈನು ನನಗೇ ಗೊತ್ತಾಗ್ಲಿಲ್ಲ."

"ಗೊತ್ತಾಗೋದು ಹೇಗೆ? ಶೆಡ್ಡಿನ ಆ ಮೂಲೆಗೆ ನೀನು ಕಾಲೇ ಇಡ್ಲಿಲ್ವಲ್ಲ" ಎಂದಳು ಥೆಲ್ಮಾ. "ನಾನು ಪ್ರತಿ ಕ್ರಿಸ್‌ಮಸ್‌ಗೆ ಒಂದು ಬಾಟಲಿ ತೆಗೀತಿದ್ದೆ. ಮೊದಮೊದ್ಲು ಹಲ್ಲು ಜುಮ್ಮಂತಿತ್ತು. ಈಚೆಗೆ ಹಲ್ಲೂ ಇಲ್ಲ, ಜುಮ್ಮೂ ಇಲ್ಲ. ಮೆಚ್ಚುಗೆ ಕ್ಲೈವ್ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ. ಹಳೇ ತೋಟ ನಿನ್ನದು ಮರಿ. ಎಲ್ಲರ ಬಾಯಿಗೆ ಬಿದ್ರೂ ಆ ಬಳ್ಳಿ ಬಿಟ್ಟು ಓಡಿಹೋಗ್ಲಿಲ್ಲ ನೀನು. ಯಾವಾಗ ಕೊಯ್ಬೇಕು ಅಂತ ಇನ್ಮೇಲೆ ನನ್ನ ಕೇಳ್ಬೇಡ."

ಟೋಬಿ ಲೋಟವನ್ನು ಮತ್ತೆ ಮೂಗಿಗೆ ಹಿಡಿದ. ಗಲ್ಲೆಯ ಹಿಂದಿನ ಅಭ್ಯಾಸದಿಂದ, "ಇದ್ರಲ್ಲಿ ನಿಂಬೆ ಹೂವಿನ ವಾಸನೆ ಇದೆ" ಎಂದುಬಿಟ್ಟ.

ಅಷ್ಟರಲ್ಲಿ ಹಾಲ್‌ನೊಳಗೆ ಬೆಳಕು ಮಂಕಾಯಿತು. ಎಲ್ಲರೂ ಲೋಟ ಹಿಡಿದೇ ಹೊರಗೆ ಬಂದರು. ಬ್ರೋಕನ್‌ಬ್ಯಾಕ್ ಬೆಟ್ಟದ ತಲೆಯ ಮೇಲೆ ಕರಿಮೋಡ ಕೂತಿತ್ತು. ಕ್ಲೈವ್ ಮೆಲ್ಲನೆ ಟೋಬಿಯ ಪಕ್ಕಕ್ಕೆ ಸರಿದ.

"ಟೋಬಿ... ಸುಮ್ನೆ ಕೇಳ್ತೀನಿ. ನೀನು ಯಾವಾಗ ಕೊಯ್ತೀಯ?"

ಕಣಿವೆಯ ಬೆಳೆಗಾರರೆಲ್ಲ ತನ್ನ ಬಾಯಿಯನ್ನೇ ನೋಡುತ್ತಿದ್ದಾರೆಂದು ಟೋಬಿಗೆ ಆಗ ತಿಳಿಯಿತು. ಅವನು ಮೋಡ ನೋಡಿದ. ಆ ಬೆಳಿಗ್ಗೆ ತೋಟದಲ್ಲಿ ಕಚ್ಚಿ ನೋಡಿದ್ದ ಹಣ್ಣಿನ ಹುಳಿಯನ್ನು ನೆನೆದ. ಈ ಸಲ ಹೆದರಲಿಲ್ಲ.

"ನಾಳೆ. ಬೆಳಕು ಹರಿಯೋ ಮುಂಚೆ."

ಜೇಬುಗಳಿಂದ ಫೋನುಗಳು ಹೊರಬಿದ್ದವು. ಆಳುಗಳಿಗೆ ಕೂಗುತ್ತ, ಧೂಳೆಬ್ಬಿಸುತ್ತ, ಒಂದೊಂದೇ ಗಾಡಿ ಹೊರಟಿತು. ಎಲ್ಲಕ್ಕಿಂತ ಮುಂದೆ ಹೋದದ್ದು ಕ್ಲೈವ್‌ನದು. ಹಾಲ್‌ನಲ್ಲಿ ಉಳಿದದ್ದು ಟೋಬಿ, ಥೆಲ್ಮಾ, ಮತ್ತು ಯಾರೂ ಚಮಚ ಹಾಕದ ಒಂದು ದೊಡ್ಡ ಪಾವ್ಲೋವಾ ಕೇಕು.

"ಮಳೆ ಬರ್ದೇ ಇದ್ರೆ?" ಎಂದಳು ಥೆಲ್ಮಾ.

"ಬರ್ದೇ ಇದ್ರೆ ಇನ್ನು ಹತ್ತು ವರ್ಷ ಕಾಯಿರಿ."

"ಆಗ್ಲಿ, ಕಾಯ್ತೀನಿ" ಎಂದು ಮುದುಕಿ ತಟ್ಟೆ ಮುಂದೆ ಹಿಡಿದಳು. "ಅಲ್ಲೀವರೆಗೆ ಜೀವ ಇರ್ಬೇಕಲ್ಲ. ಸ್ವಲ್ಪ ದೊಡ್ಡ ತುಂಡೇ ಹಾಕು."