ಪರದೆಯ ಹಿಂದಿನ ನಗು

ಎಲ್ಲವೂ ಸರಿಯಾಗಿದೆ ಎಂದು ನಾನು ನಂಬಿದ್ದ ಕೊನೆಯ ದಿನ ನಮ್ಮ ಅಂಗನವಾಡಿಯಲ್ಲಿ ಸ್ತನ ತಪಾಸಣೆಯ ಶಿಬಿರವಿತ್ತು. ಕೋವಿಡ್ ಕಳೆದು ಒಂದೆರಡು ವರ್ಷವಾಗಿತ್ತು. ಗುಬ್ಬಿ ತಾಲ್ಲೂಕಿನ ನಿಟ್ಟೂರು ಕಡೆಯ ಊರುಗಳಿಗೆ ನಾನು ಆಶಾ ಫೆಸಿಲಿಟೇಟರ್. ಊರೂರಿನ ಆಶಾ ಕಾರ್ಯಕರ್ತೆಯರ ಜೊತೆ ಓಡಾಡಿ, ಅವರ ಕೆಲಸಕ್ಕೆ ಒತ್ತಾಸೆಯಾಗಿ ನಿಲ್ಲುವುದು ನನ್ನ ಕೆಲಸ. ಅವರಲ್ಲಿ ಶಾಹಿನಾ ನನಗೆ ತೀರ ಹತ್ತಿರದವಳು. ಗಂಡನದು ಬೈಕ್ ರಿಪೇರಿ ಅಂಗಡಿ. ಒಬ್ಬಳೇ ಮಗಳು ರೇಷ್ಮಾಳನ್ನು ಕುಣಿಗಲ್‌ಗೆ ಕೊಟ್ಟಿದ್ದಳು. ಎಷ್ಟೋ ವರ್ಷ ನಾವಿಬ್ಬರೂ ಅವಳ ಸ್ಕೂಟಿಯಲ್ಲೇ ಮನೆಮನೆ ತಿರುಗಿದ್ದೆವು.

ಈ ತಪಾಸಣೆಗೆ ಹೆಂಗಸರನ್ನು ಕರೆತರುವುದು ಸುಲಭವಲ್ಲ. ಬಿಪಿ, ಶುಗರ್ ಎಂದರೆ ಬರುತ್ತಾರೆ. ರವಿಕೆ ಬಿಚ್ಚಬೇಕು ಎಂದರೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತದೆ. ಅದಕ್ಕೆ ಶಾಹಿನಾ ಒಂದು ಪದ್ಧತಿ ಮಾಡಿಕೊಂಡಿದ್ದಳು. ಹಗ್ಗಕ್ಕೆ ಹಳೆ ಸೀರೆ ಇಳಿಬಿಟ್ಟರೆ ಅದೇ ಪರದೆ. ಎಲ್ಲರಿಗಿಂತ ಮೊದಲು ಅವಳೇ ಒಳಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅವಳ ನಗು ಕೇಳುತ್ತಿತ್ತು. "ಅಯ್ಯೋ ಸಿಸ್ಟರ್, ಕಚಗುಳಿ ಆಯ್ತದೆ!" ಹೊರಗೆ ಕೂತವರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಏಳುತ್ತಿದ್ದರು.

ಅಂದೂ ಹಾಗೆಯೇ ಆಯಿತು. "ಏನೂ ಇಲ್ಲ ಕಣ್ರೇ, ಎರಡು ನಿಮಿಷ," ಎನ್ನುತ್ತ ಹೊರಬಂದವಳನ್ನು ಹೂ ಮಾರುವ ಪುಟ್ಟಮ್ಮ ರೇಗಿಸಿದಳು. "ನಿಂಗೇನವ್ವ, ವರ್ಸ ವರ್ಸ ತೋರಿಸಿ ತೋರಿಸಿ ನಾಚಿಕೇನೇ ಹೊಂಟೋಗದೆ."

"ನಿನ್ನ ನಾಚಿಕೇನ ಹೂವಿನ ಬುಟ್ಟೀಲಿಟ್ಟು ಒಳಕ್ಕೋಗಕ್ಕ. ಯಾರೂ ಕದಿಯಲ್ಲ."

ಪುಟ್ಟಮ್ಮನ ಎಡ ಸ್ತನದಲ್ಲಿ ಸಿಸ್ಟರ್ ಕೈಗೆ ಒಂದು ಗಂಟು ಸಿಕ್ಕಿತು. ತುಮಕೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರು. ಅಳುತ್ತಿದ್ದವಳ ಪಕ್ಕ ಕೂತು, ಕೈ ಹಿಡಿದುಕೊಂಡು ಶಾಹಿನಾ ಹೇಳಿದಳು: "ತಡ ಮಾಡ್ಬೇಡ ಕಣಕ್ಕ. ಬೇಗ ತೋರಿಸ್ಕೊಂಡ್ರೆ ಉಳ್ಕೋತೀವಿ. ನನ್ನ ಮಾತು ನಂಬು."

ಆ ವಾರವೇ ಅವಳು ರಜೆ ಹಾಕಿದಳು. ರೇಷ್ಮಾಳಿಗೆ ಎರಡನೇ ಹೆರಿಗೆ, ಕುಣಿಗಲ್‌ನಲ್ಲೇ ಮಾಡಿಸುತ್ತಾರೆ, ತಾನು ಜೊತೆಗಿರಬೇಕು ಎಂದಳು. ನಾನು ಹಸಿರು ಉಲ್ಲನ್ನಿನಲ್ಲಿ ಕುಲಾವಿ ಹೆಣೆಯಲು ಕೂತೆ. ಫೋನ್ ಮಾಡಿದಾಗಲೆಲ್ಲ, "ಇನ್ನೂ ಆಗಿಲ್ಲ ಗಿರಿಜಕ್ಕ, ಆದ್ಮೇಲೆ ಹೇಳ್ತೀನಿ," ಎನ್ನುತ್ತಿದ್ದಳು.

ಕೆಲವು ವಾರ ಕಾಡಿಸಿದ ಮೇಲೆ ಪುಟ್ಟಮ್ಮ ತುಮಕೂರಿಗೆ ಬರಲು ಒಪ್ಪಿದಳು. ನಾನೇ ಜೊತೆಗೆ ಹೋದೆ. ಸ್ಕ್ಯಾನಿಂಗ್ ಕೋಣೆ ಹುಡುಕುತ್ತ ಹೋಗುವಾಗ ಪುಟ್ಟಮ್ಮ ನನ್ನ ಸೆರಗು ಜಗ್ಗಿದಳು. ಕ್ಯಾನ್ಸರ್ ವಿಭಾಗದ ಹೊರಗಿನ ಬೆಂಚಿನಲ್ಲಿ ಶಾಹಿನಾ ಕೂತಿದ್ದಳು. ಮುಖ ಇಳಿದುಹೋಗಿತ್ತು. ದುಪಟ್ಟಾದ ಅಂಚಿನಲ್ಲಿ ಕೂದಲು ಕಾಣಲಿಲ್ಲ. ಪಕ್ಕದಲ್ಲಿದ್ದ ರೇಷ್ಮಾ ಎದ್ದು ನಿಂತಳು. ಅವಳು ಬಸುರಿಯಾಗಿರಲಿಲ್ಲ, ಬಾಣಂತಿಯೂ ಅಲ್ಲ.

ಪುಟ್ಟಮ್ಮನೇ ಕೇಳಿದಳು. "ಎಲ್ಲಾರ್ಗಿಂತ ಮೊದ್ಲು ನೀನೇ ಅಲ್ವೇನೇ ಒಳಕ್ಕೋಗ್ತಿದ್ದಿದ್ದು? ಏನೂ ಇಲ್ಲ ಅಂದ್ಯಲ್ಲೇ?"

"ಒಳಕ್ಕೋಗ್ತಿದ್ದೆ ಕಣಕ್ಕ," ಎಂದಳು ಶಾಹಿನಾ. "ಬಟ್ಟೆ ಬಿಚ್ಚುತಿರ್ಲಿಲ್ಲ."

ಸಿಸ್ಟರ್‌ಗಳು ಬೇರೆ ಕಡೆಯಿಂದ ಬರುವವರು, ಸಲಕ್ಕೊಬ್ಬರು. "ನಂದು ಆಗಲೇ ತುಮಕೂರಲ್ಲಿ ತಪಾಸಣೆ ಆಗಿದೆ, ಸುಮ್ಮನೆ ಇವರ ಹೆದರಿಕೆ ಕಳೆಯೋಣ" ಎಂದು ಇವಳು ಹೇಳಿದರೆ ಅವರೂ ನಂಬಿ ನಗುತ್ತಿದ್ದರಂತೆ. ಆ ಕಡೆಯ ಶಿಬಿರಕ್ಕೆ ಬಹಳ ಮೊದಲೇ ಗಂಟು ಅವಳ ಕೈಗೇ ಸಿಕ್ಕಿತ್ತು.

"ನನಗಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

"ಮೊದ್ಲು ಹೋದವಳಿಗೇ ಬಂದೈತೆ ಅಂದ್ರೆ ಇನ್ನೊಬ್ರು ಬರ್ತಿದ್ರಾ ಗಿರಿಜಕ್ಕ? ನೀನು ಸುಮ್ನಿರ್ತಿದ್ಯಾ?"

ನಾನು ಸುಮ್ಮನಿರುತ್ತಿರಲಿಲ್ಲ. ಅವಳನ್ನು ಎಳೆದುಕೊಂಡಾದರೂ ಹೋಗುತ್ತಿದ್ದೆ. ಅದು ಗೊತ್ತಿದ್ದೇ ಅವಳು ನನ್ನನ್ನು ಹೊರಗಿಟ್ಟಳು. ಆ ದಿನ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮನೆಗೆ ಬಂದವಳೇ ಕುಲಾವಿಯನ್ನು ಬೀರುವಿಗೆ ತುರುಕಿದೆ.

ಪುಟ್ಟಮ್ಮನದು ಬರೀ ಕೊಬ್ಬಿನ ಗಂಟು ಎಂದು ರಿಪೋರ್ಟ್ ಬಂತು. ಆದರೆ ಅಷ್ಟು ಹೊತ್ತಿಗೆ ಊರಿನಲ್ಲಿ ಶಾಹಿನಾಳ ಸುದ್ದಿ ಹರಡಿತ್ತು. ಮುಂದಿನ ಶಿಬಿರಕ್ಕೆ ಒಬ್ಬರೂ ಬರಲಿಲ್ಲ. ಮನೆಗೆ ಕರೆಯಲು ಹೋದರೆ, "ಬುಡಕ್ಕ, ಆ ಯಮ್ಮನೇ ನಾಟಕ ಆಡವ್ಳೆ, ನೀನು ಆಡಾಕಿಲ್ಲ ಅಂತ ಏನು ಗ್ಯಾರಂಟಿ?" ಎಂದರು. ಮೋಸ ಹೋದವಳು ನಾನೂ ಹೌದು.

ಶಾಹಿನಾ ಕುಣಿಗಲ್‌ನಲ್ಲಿ ಮಗಳ ಮನೆಯಲ್ಲೇ ತೀರಿಕೊಂಡಳು. ಹೋಗಬಾರದು ಎಂದುಕೊಂಡಿದ್ದ ನನ್ನನ್ನು ಪುಟ್ಟಮ್ಮ ಎಬ್ಬಿಸಿಕೊಂಡು ಹೋದಳು. ಹೆಂಗಸರು ಸುತ್ತ ಬಟ್ಟೆ ಕಟ್ಟಿ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನಾನು ಮತ್ತೆ ಪರದೆಯ ಹೊರಗೆ ಕೂತೆ. ಒಳಗೆ ನೀರು ಸುರಿಯುವ ಸದ್ದು ಮಾತ್ರ ಇತ್ತು. ಮುಖ ತೋರಿಸಿದಾಗ ಪುಟ್ಟಮ್ಮ ಬಗ್ಗಿ, "ಸುಳ್ಳಿ ಕಣೇ ನೀನು. ನನ್ನ ಮಾತ್ರ ಬೇಗ ಕಳಿಸ್ದಲ್ಲೇ," ಎಂದಳು.

ಆಮೇಲೆ ನಡೆದ ಶಿಬಿರದಲ್ಲಿ ಮೊದಲು ನಾನೇ ಎದ್ದೆ. ಬಾಗಿಲಲ್ಲಿ ನಿಂತಿದ್ದ ನಾಲ್ಕೈದು ಹೆಂಗಸರು ನಂಬದೆ ನೋಡುತ್ತಿದ್ದರು. ಪುಟ್ಟಮ್ಮ ಬುಟ್ಟಿ ಕೆಳಗಿಟ್ಟು ನನ್ನ ಹಿಂದೆಯೇ ಬಂದಳು. "ನಡಿಯಕ್ಕ, ನಾನು ನೋಡ್ಬೇಕು. ಈ ಸಲ ಬಾಯಿ ಮಾತು ನಡಿಯಾಕಿಲ್ಲ." ಸಿಸ್ಟರ್ ನನ್ನನ್ನು ಪೂರ್ತಿ ತಪಾಸಣೆ ಮಾಡುವವರೆಗೂ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹೊರಗೆ ಹೋಗಿ, "ನಿಜ್ವಾಗ್ಲೂ ತೋರಿಸಿದ್ಲು, ಕಣ್ಣಾರೆ ಕಂಡೆ. ಬರ್ರೇ," ಎಂದು ಕೂಗಿದಳು.

ಈಗ ನಮ್ಮ ಕಡೆ ಅದೇ ಪದ್ಧತಿ. ಮೊದಲು ಹೋಗುವವಳ ಜೊತೆ ಊರಿನ ಒಬ್ಬಳು ಇರಲೇಬೇಕು. ಹೊಸ ಆಶಾಗಳಿಗೆ ನಾನು ಹೇಳುವುದು ಇಷ್ಟೇ: ಎಲ್ಲರಿಗಿಂತ ಮುಂದೆ ನಿಂತವಳನ್ನು ಯಾರೂ ತಿರುಗಿ ಕೇಳುವುದಿಲ್ಲ, ಆದ್ದರಿಂದ ಮೊದಲು ಕೇಳಬೇಕಾದದ್ದು ಅವಳನ್ನೇ. ಕುಲಾವಿ ಇನ್ನೂ ನನ್ನ ಬೀರುವಿನಲ್ಲಿದೆ. ಸಿಟ್ಟು ಪೂರ್ತಿ ಹೋಗಿಲ್ಲ.

ಹೆಂಗಸರು ಬರುತ್ತಾರೆ, ಸಾಲಾಗಿ ಕೂರುತ್ತಾರೆ, ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಪರದೆಯ ಒಳಗಿಂದ ನಗು ಮಾತ್ರ ಕೇಳುವುದಿಲ್ಲ.