ಹೊತ್ತು ಮುಳುಗುವ ಮುಂಚೆ ಒಂದು ಗಡಿಗೆ ನುಚ್ಚು

ಶೇಂಗಾ ಕಿತ್ತು ಖಾಲಿಯಾದ ಹೊಲದ ಬದುವಿನ ಮೇಲೆ ಕೂತು ಮಲಕವ್ವ ಬುತ್ತಿಯ ಗಂಟು ಬಿಚ್ಚಿದಳು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದಳು. ಪಡುವಣದಲ್ಲಿ ಇನ್ನೂ ಬೇಕಾದಷ್ಟು ಬಿಸಿಲಿತ್ತು.

"ಹೆಸರಕಾಳಿನ ಆಮಟಿ," ಅಂದಳು. "ಇವತ್ತ ಇಂಗು ತುಪ್ಪದಾಗ ಬಿದ್ದೈತಿ. ನಿನ್ನೆ ಎಣ್ಣ್ಯಾಗ ಹಾಕಿದ್ರು."

ಬುತ್ತಿ ತಂದಿದ್ದ ಲಕ್ಕವ್ವ ನಕ್ಕಳು. ಹೊಲದ ಒಡೆಯರ ಮನೆಯಲ್ಲಿ ದನ ನೋಡಿಕೊಳ್ಳುವವಳು ಅವಳು. "ಮೊದಲ ತಿನ್ನ ಬೇ. ಪಂಚನಾಮಿ ಆಮ್ಯಾಲ ಮಾಡ."

೧೯೯೧ರ ಚಳಿಗಾಲ. ಕೃಷ್ಣೆಗೆ ಹತ್ತಿರದ ದಿಗ್ಗೇವಾಡಿಯಲ್ಲಿ ರಾವಸಾಹೇಬ ಎಂಬ ಜೈನ ರೈತನ ಹೊಲದಲ್ಲಿ ಮಲಕವ್ವನ ಕುರಿಹಟ್ಟಿ ಇಳಿದಿತ್ತು. ಅವಳ ಗಂಡ ಜಕ್ಕಪ್ಪ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಕತ್ತಲಾದ ಮೇಲೆ ತಿರುಗಿ ಬರುವನು. ರಾತ್ರಿ ಕುರಿಗಳು ಹೊಲದಲ್ಲಿ ಬಲೆಯೊಳಗೆ ಮಲಗುತ್ತವೆ. ಅವುಗಳ ಹಿಕ್ಕೆ, ಗಂಜಳ ಹೊಲಕ್ಕೆ ಗೊಬ್ಬರ. ಪ್ರತಿಯಾಗಿ ಹೊಲದವರು ಜೋಳ ಕೊಡುತ್ತಾರೆ, ಹಟ್ಟಿ ಇರುವಷ್ಟು ದಿನ ಸಂಜೆಯ ಬುತ್ತಿ ಕಳಿಸುತ್ತಾರೆ. ಈ ಮನೆಯ ಬುತ್ತಿ ಬೇರೆ ಮನೆಗಳಿಗಿಂತ ಬೇಗ ಬರುತ್ತಿತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಒಲೆಯೂ ಇಲ್ಲ. ಮಲಕವ್ವ ಬಿಸಿಯಾಗಿ ತಿನ್ನುತ್ತಿದ್ದಳು. ಜಕ್ಕಪ್ಪನ ಪಾಲು ಆರಿರುತ್ತಿತ್ತು.

ಮಲಕವ್ವ ಮಂಗಸೂಳಿ ಕಡೆಯ ಕುರುಬರ ಹೆಣ್ಣುಮಗಳು. ಗಡಿಯ ಆಚೆ ಇವರನ್ನೇ ಧನಗರರು ಅನ್ನುತ್ತಾರೆ. ದೀಪಾವಳಿ ಮುಗಿದ ಮೇಲೆ ಮಲ್ಲಯ್ಯನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಹಟ್ಟಿ ಹೊರಟರೆ ಕಾಗವಾಡ, ದಿಗ್ಗೇವಾಡಿ, ಕಬ್ಬೂರ ಹಾಯ್ದು ನಿಪ್ಪಾಣಿಯ ತಂಬಾಕಿನ ಹೊಲಗಳ ತನಕ ಹೋಗಿ ಬೇಸಿಗೆಗೆ ತಿರುಗಿ ಬರುವುದು. ಮದುವೆಯಾದ ವರ್ಷದಿಂದ ಈ ದಾರಿ ತುಳಿದ ಮಲಕವ್ವನಿಗೆ ಊರುಗಳು ನೆನಪಿರುತ್ತಿದ್ದುದು ಅಡುಗೆಯಿಂದ. ಅಥಣಿ ಹಾದಿಯಲ್ಲಿ ಒಂದು ಲಿಂಗಾಯತರ ಮನೆ ಎಂದರೆ ಮಾದಲಿ: ಬೆಲ್ಲ, ಗಸಗಸೆ ಬೆರೆಸಿದ ಗೋದಿಯ ಪುಡಿ, ಮೇಲೆ ಹಾಲು. ಕಾಗವಾಡದ ಮರಾಠರ ಮನೆ ಎಂದರೆ ಪಾಂಢರಾ ರಸ್ಸಾ, ತೆಂಗಿನ ಹಾಲಿನಲ್ಲಿ ಕುದಿಸಿದ ಬಿಳಿ ಮಟನ್ ಸಾರು. ಅದನ್ನು ಮೊದಲ ಸಲ ಕುಡಿದಾಗ ಖಾರ ಕಾಣದೆ ಇದು ಬಾಣಂತಿಯದಿರಬೇಕು ಅಂದುಕೊಂಡಿದ್ದಳಂತೆ. ಎರಡನೆಯ ಬಟ್ಟಲಿಗೆ ಮನಸ್ಸು ಬದಲಾಯಿತು. ನಿಪ್ಪಾಣಿ ಹತ್ತಿರ ಒಂದು ಮುಸಲ್ಮಾನರ ಮದುವೆಯಲ್ಲಿ ತಿಂದ ದಾಲ್ಚಾದ ಮಾತನ್ನು ಆಕೆ ಬಹಳ ವರ್ಷ ಆಡಿದಳು. ಕುಂಬಳ, ಬೇಳೆ, ಮಟನ್ ಒಂದೇ ಪಾತ್ರೆಯಲ್ಲಿ ಜಗಳವಿಲ್ಲದೆ ಇದ್ದುದು ಆಕೆಗೆ ಸೋಜಿಗವಾಗಿತ್ತು.

ದಾರಿ ಕವಲೊಡೆದ ಕಡೆ ಯಾವ ಹೊಲಕ್ಕೆ ಹೋಗಬೇಕೆಂಬ ಪ್ರಶ್ನೆ ಬಂದರೆ ಮಲಕವ್ವ ಹೇಳಿದ ಕಡೆ ಹಟ್ಟಿ ಹೊರಳುತ್ತಿತ್ತು. "ಮಂದಿ ಕುರಿ ಹುಲ್ಲಿನ ಜಾಡ ಹಿಡೀತಾವ," ಎಂದು ಜಕ್ಕಪ್ಪ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುವನು. "ನನ್ನ ಕುರಿ ಇಕಿ ನಾಲಿಗಿ ಜಾಡ ಹಿಡೀತಾವ."

ಆಕೆಗೆ ಎಲ್ಲಕ್ಕಿಂತ ಸೇರುತ್ತಿದ್ದುದು ದಿಗ್ಗೇವಾಡಿಯ ಅಡುಗೆ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ನೆಲದೊಳಗೆ ಬೆಳೆದ ಗಡ್ಡೆ ಯಾವುದೂ ಇಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ರುಚಿ ಎಲ್ಲಿಂದ ಬರುತ್ತದೆ ಎಂಬುದು ಆಕೆಗೆ ವರ್ಷವರ್ಷವೂ ಬಿಡಿಸಲಾಗದ ಒಗಟಾಗಿತ್ತು. ಅಡುಗೆ ಮಾಡುತ್ತಿದ್ದವಳು ರಾವಸಾಹೇಬನ ತಾಯಿ ಸೋನಾಬಾಯಿ. ಅರವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಸೊಸೆ ಇದ್ದರೂ ಒಗ್ಗರಣೆ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು.

ಆ ವರ್ಷ ಮಲಕವ್ವ ಒಂದು ಹೊಸ ಕೆಲಸ ಮಾಡಿದಳು. ಕುರಿ ಈದಾಗ ಮೊದಲ ಹಾಲನ್ನು ಹೊಲದವರಿಗೆ ಒಯ್ದು ಕೊಡುವುದು ಹಟ್ಟಿಯವರ ರೂಢಿ. ಕೊಡುವುದು ಹಸಿ ಹಾಲು. ಗಿಣ್ಣ ಮಾಡಿಕೊಳ್ಳುವುದು ಅವರವರ ಒಲೆಯ ಮೇಲೆ. ಮಲಕವ್ವ ಈ ಸಲ ತಾನೇ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಕಾಯಿಸಿದಳು. ಚಾಕು ಹಾಕಿದರೆ ಹೋಳು ನಿಲ್ಲುವಷ್ಟು ಗಟ್ಟಿ. ಪಾತ್ರೆಗೆ ಬಿಳಿ ಅರಿವೆ ಕಟ್ಟಿ ಸೋನಾಬಾಯಿಯ ಹಿತ್ತಲ ಬಾಗಿಲಿಗೆ ಒಯ್ದು ಕೊಟ್ಟಳು. ಸೋನಾಬಾಯಿ ಎರಡೂ ಕೈಯಲ್ಲಿ ಇಸಿದುಕೊಂಡಳು, ಚೊಲೋ ಆತು ಅಂದಳು.

ಮರುದಿನ ಪಾತ್ರೆ ತರಲು ಹೋದಾಗ ಲಕ್ಕವ್ವ ಅದನ್ನು ಬಾವಿಯ ಹತ್ತಿರ ತಿಕ್ಕುತ್ತಿದ್ದಳು.

"ಏನ ಗಿಣ್ಣ ಬೇ ಅದು!" ಅಂದಳು ಲಕ್ಕವ್ವ. "ನಮ್ಮ ಮನ್ಯಾಗ ತಳಾ ಸೈತ ನೆಕ್ಕ್ಯಾರ."

"ನಿಮ್ಮ ಮನ್ಯಾಗ?"

ಲಕ್ಕವ್ವನಿಗೆ ತಾನು ಆಡಬಾರದ್ದನ್ನು ಆಡಿದ್ದು ಗೊತ್ತಾಯಿತು. ಅಷ್ಟರಲ್ಲಿ ಸೋನಾಬಾಯಿ ಬಾಗಿಲಿಗೆ ಬಂದಿದ್ದಳು.

"ಮರಿ ಕುಡಿಯೂ ಹಾಲು ಅದು, ಮಲಕವ್ವಾ," ಅಂದಳು ಅವಳು. "ಈದು ಎಂಟ ಹತ್ತ ದಿನ ಆಗೂತನಕ ನಾವು ಹಾಲು ಮುಟ್ಟಂಗಿಲ್ಲ. ನಮ್ಮ ಧರ್ಮದಾಗ ಇಲ್ಲ."

"ನಿನ್ನೇನ ಹೇಳಬೇಕಿತ್ತಲ್ಲರಿ, ಬಾಯಾರ?"

"ನೀ ಅಷ್ಟ ಆಸೇದಿಂದ ತಂದಿದ್ದಿ. ಹೆಂಗ ಹೇಳ್ಲಿ?"

ಮಲಕವ್ವನಿಗೆ ಸಿಟ್ಟು ಬರಲಿಲ್ಲ ಎಂದು ಇಂದಿಗೂ ಈ ಕತೆ ಹೇಳುವ ಲಕ್ಕವ್ವನ ಮಾತು. ಲಕ್ಕವ್ವನ ಕೈಯಿಂದ ಪಾತ್ರೆ ಇಸಿದುಕೊಂಡಳು. ಆಮೇಲೆ ಕೇಳಿದಳು: "ಹಂಗಾರ ನನ್ನ ಕೈಯಾಗಿಂದು ಏನ ತಿಂತೀರಿ?"

"ವಿಚಾರ ಮಾಡಿ ಹೇಳತೇನಿ," ಅಂದು ಸೋನಾಬಾಯಿ ಒಳಗೆ ಹೋದಳು. ಹಟ್ಟಿ ಎರಡು ದಿನದಲ್ಲಿ ಕಬ್ಬೂರಿಗೆ ಹೊರಟಿತು.

ದಾರಿಯುದ್ದಕ್ಕೂ ಮಲಕವ್ವ ಆ ಪ್ರಶ್ನೆಯನ್ನು ಬಿಡಲಿಲ್ಲ. ಇಷ್ಟು ವರ್ಷ ಆಕೆಗೆ ಅದು ಹೊಳೆದೇ ಇರಲಿಲ್ಲ. ಮಟನ್ ತಿನ್ನುವ ಮರಾಠಾ ಗಂಡಸರು ಹಟ್ಟಿಯಲ್ಲಿ ಉಂಡು ಹೋಗಿದ್ದುಂಟು, ಆದರೆ ಮಟನ್ ಮಾಡುತ್ತಿದ್ದವನು ಜಕ್ಕಪ್ಪ. "ಎಲ್ಲಾರ ಮನಿ ರುಚಿ ನಾ ಬಲ್ಲೆ," ಅಂದಳು ಗಂಡನಿಗೆ. "ನನ್ನ ಕೈ ರುಚಿ ಯಾವ ಮನ್ಯಾಗೂ ಗೊತ್ತಿಲ್ಲ."

"ನನಗ ಗೊತ್ತೈತಲ್ಲ."

"ನಿಮಗ ಹೊಟ್ಟಿ ಗೊತ್ತೈತಿ. ರುಚಿ ಎಲ್ಲಿ ಗೊತ್ತೈತಿ?"

ಮುಂದಿನ ವರ್ಷ ದಿಗ್ಗೇವಾಡಿಗೆ ಬಂದಾಗ ಹೊಲದ ಅಂಚಿನಲ್ಲಿ ಸಿಮೆಂಟಿನ ಪೈಪುಗಳ ರಾಶಿ ಬಿದ್ದಿತ್ತು. ರಾವಸಾಹೇಬ ಹೊಳೆಯಿಂದ ನೀರು ತಂದಿದ್ದ. ಈ ಸಲ ಹಟ್ಟಿ ಎದ್ದ ಮೇಲೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವುದು, ಕಬ್ಬು ನಾಟುವುದು. ಕಬ್ಬು ನಿಂತ ಹೊಲದಲ್ಲಿ ಕುರಿಗೆ ಜಾಗವಿಲ್ಲ. "ಮುಂದಿನ ವರ್ಷ ಬ್ಯಾರೆ ಹೊಲ ನೋಡ್ಕೋ ಜಕ್ಕಪ್ಪ," ಎಂದು ಅವನು ಹೇಳಿದ, ಕೆಟ್ಟ ಮನಸ್ಸಿನಿಂದಲ್ಲ.

ಆ ಸಂಜೆಯೇ ಮಲಕವ್ವ ಹಿತ್ತಲ ಬಾಗಿಲಿಗೆ ಹೋದಳು. ಸೋನಾಬಾಯಿ ಪ್ರಶ್ನೆಯನ್ನು ಮರೆತಿರಲಿಲ್ಲ.

"ಹಾಲು ನುಚ್ಚು ತಿಂದೇನು," ಅಂದಳು. "ಸಣ್ಣಾಕಿದ್ದಾಗಿಂದ ಕೇಳೇನಿ, ಕುರಿ ಹಾಲಿನ ನುಚ್ಚು ಬ್ಯಾರೆನ ಇರತೈತಿ ಅಂತ. ಆದರ ಮಟನ್ ಕಂಡ ಭಾಂಡೆ ಆಗೂದಿಲ್ಲ. ಸೋಸಿದ ನೀರು ಬೇಕು. ಹಾಲು ಕರದ ಕೂಡ್ಲೆ ಕಾಸಬೇಕು."

"ಆತ್ರಿ."

"ಹೊತ್ತು ಮುಳುಗೂದ್ರಾಗ ಆಗಬೇಕು."

ಮಲಕವ್ವ ಇದಕ್ಕೂ ಆತ್ರಿ ಅಂದಳು. ಹಟ್ಟಿಗೆ ಬರುವಾಗ ಅದು ಎಷ್ಟು ಕಷ್ಟ ಎಂಬುದು ಹೊಳೆಯಿತು. ಮರಿಗಳು ದಿನವೆಲ್ಲ ಹಟ್ಟಿಯಲ್ಲೇ ಉಳಿಯುತ್ತವೆ, ಆದ್ದರಿಂದ ಬೆಳಗಿನ ಹಾಲು ಅವುಗಳದು. ಮನುಷ್ಯರಿಗೆ ಸಿಗುವುದು ಕುರಿ ಮೇಯ್ದು ಬಂದ ಮೇಲಿನ ಹಾಲು. ಕುರಿ ಬರುವುದು ಕತ್ತಲಲ್ಲಿ.

ಇತ್ತ ಸೋನಾಬಾಯಿಯ ಮನೆಯಲ್ಲೂ ಮಾತು ನಡೆಯಿತು. "ಸಮಾಜದಾಗ ಮಂದಿ ಏನಂತಾರ, ಆಯಿ? ಕುರಿ ಹಟ್ಟ್ಯಾಗ ಕುಂತು ಉಣ್ಣೂದು..." ಎಂದ ರಾವಸಾಹೇಬ.

"ಮೀರಜ್‌ಗೆ ಹೋದಾಗ ನೀ ಏನ ತಿಂತಿ ಅಂತ ನಾ ಎಂದರ ಕೇಳೇನೇನ?" ಅಂದಳು ತಾಯಿ. ಮೀರಜ್‌ನ ಮಾತು ಅಲ್ಲಿಗೇ ನಿಂತಿತು. ಸಮಾಜದ ಮಾತೂ ನಿಂತಿತು.

ಮಲಕವ್ವ ರಾಯಬಾಗದ ಸಂತೆಯಿಂದ ಹೊಸ ಗಡಿಗೆ ತಂದಳು, ಜೊತೆಗೆ ನುಚ್ಚು ತಿರುವಲು ಮರದ ಹುಟ್ಟು. ಹಳೆಯ ಹುಟ್ಟು ಮಟನ್ ಕಂಡಿತ್ತು. ಜೋಳ ಒಡೆಯಲು ಸೋನಾಬಾಯಿಯ ಬೀಸುಕಲ್ಲು, ನೀರು ಅವರ ಬಾವಿಯದು, ಸೋಸುವ ಅರಿವೆಯೂ ಅವರದು. ಜಕ್ಕಪ್ಪ ಇದನ್ನೆಲ್ಲ ನೋಡಿದ.

"ಗಡಿಗಿ ಹೊಸಾದು, ಕಲ್ಲು ಅವರದು, ನೀರು ಅವರದು, ಹೊತ್ತೂ ಅವರದ. ಇದರಾಗ ನಿಂದೇನೈತಿ?"

"ಹಾಲು, ಕೈ."

"ಹಾಲು ನನ್ನ ಕುರೀದು."

"ಹಂಗಾರ ನಾಳೆ ಮೂರ ತಾಸಿಗೆ ಹೊಡಕೊಂಡ ಬರ್ರಿ."

ಜಕ್ಕಪ್ಪ ಬೀಡಿ ಆರಿಸಿದ. "ಹೊಟ್ಟಿ ತುಂಬದ ಕುರಿ ಹಾಲ ಕೊಡತೈತೇನ? ಒಂದ ಮುದುಕಿ ಒಂದ ತುತ್ತ ತಿನ್ನಾಕ ನಾ ಇಡೀ ಹಿಂಡ ಉಪಾಸ ಕೆಡವಬೇಕ?"

"ಹನ್ನೆರಡ ವರ್ಷ ಅಕಿ ಕೈದು ತಿಂದೀರಿ. ಆರಿದ್ದಾದ್ರೂ ತಿಂದೀರಿ."

ಅವನು ಕಂಬಳಿ ಹೊದ್ದು ಮಲಗಿದ. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದ.

ಅದು ಹಟ್ಟಿಯ ಕೊನೆಯ ದಿನ. ಮರುದಿನ ನಸುಕಿನಲ್ಲಿ ಕುದುರೆಯ ಮೇಲೆ ಗಂಟು ಹೇರಿ ಕಬ್ಬೂರಿಗೆ ಹೊರಡುವುದೆಂದು, ಟ್ರ್ಯಾಕ್ಟರ್ ಬರುವುದೆಂದು ಮಾತಾಗಿತ್ತು. ಮಧ್ಯಾಹ್ನ ಕಳೆದ ಮೇಲೆ ಮಲಕವ್ವ ಮೂರು ಕಲ್ಲು ಹೂಡಿ ಗಡಿಗೆಯಲ್ಲಿ ನೀರಿಟ್ಟಳು. ನುಚ್ಚು ನೀರಿನಲ್ಲಿ ಬೇಯತೊಡಗಿತು. ಹೊಳೆಯ ಕಡೆಯ ದಾರಿ ಖಾಲಿಯಿತ್ತು. ಮರಿಗಳು ಮಾತ್ರ ಒದರುತ್ತಿದ್ದವು. ನುಚ್ಚು ಬೆಂದಿತು, ಉರಿ ಹಿರಿದಳು, ಮತ್ತೆ ಒಟ್ಟಿದಳು. ಲಕ್ಕವ್ವನ ಜೊತೆ ಸೋನಾಬಾಯಿ ನಡೆದು ಬರುವುದು ಕಾಣಿಸಿತು. ಕೈಯಲ್ಲಿ ತನ್ನ ಹಿತ್ತಾಳೆಯ ತಾಟು, ನೀರಿನ ತಂಬಿಗೆ.

ಅವಳು ಬಂದು ಬದುವಿನ ಮೇಲೆ ಕೂತಳು. ಸೂರ್ಯ ಆಗಲೇ ಬನ್ನಿಗಿಡದ ಎತ್ತರಕ್ಕೆ ಇಳಿದಿದ್ದ.  ಲಕ್ಕವ್ವ ದಾರಿ ನೋಡಿ, "ನಿನ್ನ ಗಂಡ ಅಥಣಿ ಮುಟ್ಟಿರಬೇಕ ಬೇ," ಅಂದಳು.

ಧೂಳು ಕಂಡದ್ದು ಆಗ. ಜಕ್ಕಪ್ಪ ಹಿಂಡನ್ನು ಓಡಿಸಿಕೊಂಡೇ ಬಂದಿದ್ದ. ಮರಿ ಬಿಡುವ ಮೊದಲು ಮಲಕವ್ವ ಹಳೆಯ ಈತದ, ಈದು ಹತ್ತು ದಿನ ದಾಟಿದ ಕುರಿಗಳನ್ನಷ್ಟೇ ಆರಿಸಿ ಹಿಡಿದಳು. ಒಂದೊಂದೂ ಎರಡು ಸಲ ಹಿಂಡುವಷ್ಟು ಹಾಲು ಕೊಟ್ಟು ಕಾಲು ಝಾಡಿಸಿತು. ಜಕ್ಕಪ್ಪ ಕುರಿಗಳ ಕಾಲು ಹಿಡಿದು ಕೊಡುತ್ತ ಹೋದ, ಬೈಯುತ್ತಲೇ. ಮಲಕವ್ವ ನೀರು ಚೆಲ್ಲಿದ ಸೋನಾಬಾಯಿಯ ತಂಬಿಗೆಗೇ ಹಾಲು ಕರೆದು ನೇರ ಗಡಿಗೆಗೆ ಸುರಿದಳು. ಹಾಲು ಎರಡು ಸಲ ಉಕ್ಕಿತು.

ಆಗ ಇನ್ನೊಂದು ತೊಡಕು. ಕುದಿಯುವ ನುಚ್ಚು ಆರಿಸಬೇಕು. ಒಂದರಿಂದ ಒಂದಕ್ಕೆ ಸುರಿಯಲು ಇನ್ನೊಂದು ಅಗಲ ಬಾಯಿಯ ಪಾತ್ರೆ ಇಲ್ಲ. ಹಟ್ಟಿಯಲ್ಲಿದ್ದವೆಲ್ಲ ಮಟನ್ ಕಂಡವೇ. ಮಲಕವ್ವ ತಾಟಿನಲ್ಲಿ ತೆಳ್ಳಗೆ ಹರವಿ ಬಡಿಸಿದಳು.

"ನಡಬರಕ ಕೈ ಹಾಕಬ್ಯಾಡ್ರಿ. ಬದೀಲಿಂದ ಬದೀಲಿಂದ ತಗೋರಿ."

ಸೋನಾಬಾಯಿ ಅಂಚಿನಿಂದ ಬೆರಳಲ್ಲಿ ಎಳೆದು ಬಾಯಿಗಿಟ್ಟಳು. ಬೆರಳಿಗೆ ಗಾಳಿ ಊದಿಕೊಂಡಳು. ಮತ್ತೊಂದು ತುತ್ತು. ಮಲಕವ್ವ ಅವಳ ಮುಖ ನೋಡದೆ ಒಲೆಯ ಕಡೆ ನೋಡುತ್ತಿದ್ದಳು. ಮರ್ಯಾದೆಗೆ ತಿಂದು ಏಳುವವರನ್ನು ಆಕೆ ಬಲ್ಲವಳು. ಕೆಲವು ಮನೆಗಳಲ್ಲಿ ತಾನೂ ಹಾಗೆ ತಿಂದು ಎದ್ದವಳು.

"ಹೊಗಿ ವಾಸನಿ ಐತಿ," ಅಂದಳು ಸೋನಾಬಾಯಿ.

"ಐತ್ರಿ. ಬಯಲಾಗಿನ ಒಲಿ."

"ಮಣ್ಣಿನ ವಾಸನೀನೂ ಐತಿ."

"ಗಡಿಗಿ ಹೊಸಾದ್ರಿ."

ಸೋನಾಬಾಯಿಯ ಕೈ ಮತ್ತೆ ತಾಟಿಗೆ ಹೋಯಿತು. ತಿನ್ನುವುದು ಜೋರಾಯಿತು. ಸುತ್ತ ಅಂಚು ಮುಗಿದು ನಡುವಿನ ಬಿಸಿಗೆ ಬಂದಳು, ಅದನ್ನೂ ಬಿಡಲಿಲ್ಲ. ಹಾಲಿನ ಕೆನೆ ತಾಟಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದಳು. ಬಳಿದು ತಾಟನ್ನು ಗಡಿಗೆಯ ಕಡೆ ಚಾಚಿದಳು. ಮಲಕವ್ವ ಹುಟ್ಟು ಎತ್ತಿದಳು.

ಸೋನಾಬಾಯಿ ಪಡುವಣಕ್ಕೆ ತಿರುಗಿ ನೋಡಿದಳು. ಬನ್ನಿಗಿಡದ ಹಿಂದೆ ಕೆಂಪು ಅಷ್ಟೇ ಉಳಿದಿತ್ತು. ತಾಟು ಹಿಂದಕ್ಕೆ ಎಳೆದುಕೊಂಡಳು.

"ಹೊತ್ತ ಹೋತಲ್ಲ ಮಲಕವ್ವಾ," ಅಂದಳು. ಆಟದ ನಡುವೆ ಮನೆಗೆ ಕರೆದ ಹುಡುಗಿಯ ಹಾಗೆ ಅವಳ ಮುಖ ಸಣ್ಣದಾಗಿತ್ತು ಎಂದು ಲಕ್ಕವ್ವ ಈಗಲೂ ನಗುತ್ತಾಳೆ. "ಇನ್ನಷ್ಟ ಬೇಕಾಗಿತ್ತು."

ಮಲಕವ್ವ ಹುಟ್ಟು ಕೆಳಗಿಟ್ಟು ಗಂಡನನ್ನು ನೋಡಿದಳು. ಜಕ್ಕಪ್ಪ ಬಲೆಯ ಗೂಟ ಬಡಿಯುತ್ತಿದ್ದವನು ಕೈ ತಡೆದ.

"ನೋಡಬ್ಯಾಡ ಹಂಗ," ಅಂದ. "ತಿಳೀತು."

ಮರುದಿನ ಕುದುರೆಯ ಮೇಲೆ ಗಂಟು ಏರಲಿಲ್ಲ. ರಾವಸಾಹೇಬನ ಟ್ರ್ಯಾಕ್ಟರ್ ಹಟ್ಟಿಯ ಜಾಗ ಬಿಟ್ಟು ಹೊಲದ ಇನ್ನೊಂದು ತುದಿಯಿಂದ ನೇಗಿಲು ಹಾಕಿತು. ಕುರಿಗಳು ಆ ದಿನವೂ ಬಿಸಿಲಿರುವಾಗಲೇ ತಿರುಗಿ ಬಂದವು.